ಕುಂಕುಮವಾದ ಭಂಡಾರ

ಪುಣೆಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ಈರಬಸಪ್ಪ ಮಾಸ್ತರರಿಗೆ ಸುಳ್ಳಿನ ವಾಸನೆ ಬಡಿದರೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ೧೯೯೬ರ ಆ ಭಾನುವಾರ ಮಗಳು ಸ್ನೇಹಲ್‌ಳನ್ನು ನೋಡಲು ತಳೇಗಾಂವದಿಂದ ಗಂಡಿನವರು ಬಂದಿದ್ದರು. ವರ ಬಸವಪ್ರಭು ಯೋಗ್ಯ, ಮಗಳಿಗೂ ಮನಸ್ಸಾಗಿತ್ತು. ಆದ್ದರಿಂದ ಇಂದೊಂದು ದಿನ ಬಾಯಿ ಬಿಗಿ ಹಿಡಿಯುವುದಾಗಿ ಮಾಸ್ತರರು ಹೆಂಡತಿಗೆ ಮಾತು ಕೊಟ್ಟಿದ್ದರು.

ಆದರೆ ವರನ ಸೋದರಮಾವ ಫಕೀರಪ್ಪನಿಗೆ ತನ್ನ ಮಗಳನ್ನೇ ಆ ಮನೆಗೆ ಕೊಡುವ ಹಂಚಿಕೆ. ಜೇಜುರಿಯ ಮೈಲಾರಲಿಂಗನ ಗುಡಿಯಿಂದ ತಂದ ಭಂಡಾರವನ್ನು, ಅಂದರೆ ದೇವರ ಅರಿಷಿಣವನ್ನು, ಒದ್ದೆ ಬಟ್ಟೆಗೆ ಬಳಿದು ಸ್ಟೀಲಿನ ತಾಟಿನಲ್ಲಿ ಹಾಸಿದ. ದಾರದ ಒಂದು ತುದಿಯನ್ನು ತನ್ನ ಬಳಿಯೇ ಇಟ್ಟುಕೊಂಡು, ಇನ್ನೊಂದು ತುದಿಗೆ ಕಟ್ಟಿದ ಹಿತ್ತಾಳೆಯ ಚಮಚವನ್ನು ಸ್ನೇಹಲ್‌ಳ ಕೈಗಿತ್ತ.

“ಬಟ್ಟಿ ಮ್ಯಾಲ ಒತ್ತವಾ ತಂಗಿ. ಈ ಸಂಬಂಧ ಹ್ಯಾಂಗಂತ ಮೈಲಾರಲಿಂಗನ ಹೇಳ್ತಾನ.”

ದೇವರ ಹೆಸರಿನಲ್ಲಿ ಕನ್ಯೆಯನ್ನು ಪರೀಕ್ಷೆಗೆ ಕೂರಿಸುವುದು ಎಂತಹ ಧರ್ಮ? ಮಾಸ್ತರರು ಹಲ್ಲು ಕಚ್ಚಿದರು.

ಚಮಚ ಒತ್ತಿದಲ್ಲಿ ಹಳದಿ ಕೆಂಪಾಯಿತು. ದೇವರು ಸಿಟ್ಟಾದ ಎನ್ನಲು ಫಕೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಅಕ್ಕ, ವರನ ತಾಯಿ ಚನ್ನಬಸವ್ವ, ಕೈಮುಗಿದರು.

“ಅಯ್ಯ, ಅರಿಷಿಣ ಹೋಗಿ ಕುಂಕುಮ ಆತಲ್ಲೋ! ಮುತ್ತೈದಿತನ ದೇವರ ಬರಕೊಟ್ಟ. ಸಕ್ಕರಿ ತರ್ರಿ!”

ಕೆಂಪೆಂದರೆ ಸಿಗ್ನಲ್ ದೀಪದಂತೆ ‘ನಿಲ್ಲು’ ಎಂದಷ್ಟೇ ಎಣಿಸಿದ್ದ ಫಕೀರಪ್ಪನ ಮುಖ ಬಿಳಿಚಿತು. ಮಾಸ್ತರರ ಹೆಂಡತಿ ಕಣ್ಣಿನಲ್ಲೇ ಗಂಡನನ್ನು ಬೇಡಿಕೊಂಡರು. ಸುಮ್ಮನಿದ್ದರೆ ಮದುವೆ ಗಟ್ಟಿ. ಆದರೆ ಮೋಸದ ನೆಲದಲ್ಲಿ ಹಂದರ ಹಾಕುವುದೇ? ಮಾಸ್ತರರು ಎದ್ದೇಬಿಟ್ಟರು.

“ದೇವರಲ್ಲರಿ, ಬ್ಯಾಟರಿ! ಬಟ್ಟಿ ತೊಯ್ಸಿದ ಉಪ್ಪುನೀರಿನಾಗ ಕರೆಂಟ್ ಹರಿದರ ಒಂದು ತುದಿಗೆ ಕ್ಷಾರ ಹುಟ್ಟತದ. ಸುಣ್ಣ ತಾಗಿದಂಗ ಅರಿಷಿಣ ಕೆಂಪಾಗತದ!”

ಚಮಚದ ದಾರ ಹಿಡಿದು ಜಗ್ಗಿದರು. ಒಳಗಿದ್ದ ತಂತಿಯ ಹಿಂದೆ ಫಕೀರಪ್ಪನ ಜುಬ್ಬಾದ ಕಿಸೆಯಿಂದ ರೇಡಿಯೋ ಬ್ಯಾಟರಿ ನೆಲಕ್ಕೆ ಬಿತ್ತು. ಇನ್ನೊಂದು ತಂತಿ ತಾಟನ್ನೂ ಎಳೆದುಕೊಂಡು ಬಂತು.

ಸಕ್ಕರೆಯ ಬಟ್ಟಲು ಬಾಗಿಲಲ್ಲೇ ನಿಂತಿತು.

“ಹಂಗಾರ ದೇವರು ಏನೂ ಹೇಳಲಿಲ್ಲೇನು?” ಚನ್ನಬಸವ್ವನ ದನಿ ಇಳಿಯಿತು.

“ಏನೂ ಇಲ್ಲರಿ,” ಎಂದರು ಮಾಸ್ತರರು, ಕೂಡಿಬಂದ ಸಂಬಂಧವನ್ನು ಕೈಯಾರೆ ಕೆಡವಿ.

ಬಸವಪ್ರಭು ಆಗ ಮೊದಲ ಸಲ ಬಾಯಿಬಿಟ್ಟ. “ಅವ್ವಾ, ಒಬ್ಬ ಮಾವ ದೇವರನ್ನ ಕಿಸೇದಾಗ ಇಟ್ಕೊಂಡು ತಿರಗತಾನ. ಇನ್ನೊಬ್ಬ ಮಾವ ಬ್ಯಾಟರಿ ಇಲ್ಲದನ ಶಾಕ್ ಕೊಡ್ತಾರ. ನನಗ ಈ ಮಾವನ ಇರಲಿ.”

ಸ್ನೇಹಲ್ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಚನ್ನಬಸವ್ವ ತಮ್ಮನನ್ನು ದುರುಗುಟ್ಟಿ ನೋಡಿ, ಸಕ್ಕರೆಗೆ ತಾವೇ ಕೈಚಾಚಿದರು.

“ಶಾಕ್ ಅಲ್ಲಪಾ,” ಎಂದು ಮಾಸ್ತರರು ಅಳಿಯನನ್ನು ತಿದ್ದಿದರು, “ವಿದ್ಯುದ್ವಿಭಜನೆ.”