ಸದ್ದು ತಗ್ಗಿಸಿದ ಪಂಪು

ನನ್ನದು ಸುಮ್ಮನಿರುವ ಬಾಯಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದರೂ, ನನ್ನ ನರಕ್ಕೆ ಔಷಧಿ ಬಿಡುತ್ತಿದ್ದ ಪಂಪು ತೋರಿಸಿ ಪಕ್ಕದ ಮಂಚದವಳ ಹತ್ತಿರ, "ಇದನ್ನ ರಿಪೇರಿ ಮಾಡಿದ್ದು ನನ್ನ ಮಗಳು ಕಣ್ರೀ. ಇಲ್ಲೇ ತರಬೇತಿ. ಈ ವಾರ ಪಾಸಾದ್ರೆ ಕೆಲಸ ಕಾಯಂ" ಎಂದು ಕೊಚ್ಚಿಕೊಂಡಿದ್ದೆ.

ಮಧ್ಯಾಹ್ನ ನರ್ಸಮ್ಮ ಬಂದು ನೋಡಿದರೆ ಔಷಧಿ ಮುಗಿದು ಎಷ್ಟೋ ಹೊತ್ತಾಗಿ, ಕೊಳವೆಗೆ ರಕ್ತ ಏರಿತ್ತು. ಮುಗಿದ ಕೂಡಲೇ ಕಿರುಚಬೇಕಾದ ಪಂಪು ತುಟಿಪಿಟಕ್ಕೆಂದಿರಲಿಲ್ಲ. ಮಗಳನ್ನೂ ಅವಳಿಗೆ ಕಲಿಸುವ ಮೇಷ್ಟ್ರನ್ನೂ ಕರೆಸಿದರು.

ಮೇಷ್ಟ್ರು ಗುಂಡಿ ಒತ್ತಿ ನೋಡಿದರು. "ಸೌಂಡು ಪೂರ್ತಿ ಇಳಿಸಿದಾರಲ್ಲ! ಯಾರು?"

ಮಗಳ ಮುಖ ಬಿಳಿಚಿತು. ನನಗೆ ಅರ್ಥವಾಯಿತು. ರಿಪೇರಿ ಕೋಣೆಯಲ್ಲಿ ಪಂಪುಗಳು ದಿನವಿಡೀ ಅರಚಿ ತಲೆ ತಿನ್ನುತ್ತವೆಂದು ಸದ್ದು ತಗ್ಗಿಸಿಕೊಳ್ಳುತ್ತಾರೆ, ವಾರ್ಡಿಗೆ ಕಳಿಸುವ ಮುಂಚೆ ಮತ್ತೆ ಏರಿಸಬೇಕು. ಅವಳೇ ಮನೆಯಲ್ಲಿ ಹೇಳಿದ್ದಳು. ಮರೆತಿದ್ದಾಳೆ, ಕತ್ತೆ!

"ನಾನೇ ಸ್ವಾಮಿ," ಎಂದುಬಿಟ್ಟೆ. "ನಿದ್ದೆ ಬರ್ಲಿ ಅಂತ ಏನೋ ಒತ್ತಿದೆ."

"ಏನಮ್ಮಾ, ಇದೇನು ನಿಮ್ಮನೆ ರೇಡಿಯೋನಾ?" ಎಂದು ನರ್ಸಮ್ಮ ಜಾಡಿಸಿದಳು. ಪಕ್ಕದವಳು ಕಿಸಕ್ಕನೆ ನಕ್ಕಳು. ನಗಲಿ, ನನ್ನ ಗಂಟೇನು ಹೋಯಿತು! ಕೆಲಸ ಉಳಿಯಿತಲ್ಲ ಎಂದು ಮಗಳತ್ತ ಕಣ್ಣು ಹೊಡೆದೆ.

ಅವಳು ನನ್ನ ಕಡೆ ನೋಡಲಿಲ್ಲ. "ಅಮ್ಮ ಸುಳ್ಳು ಹೇಳ್ತಿದಾಳೆ ಸರ್. ಮರೆತಿದ್ದು ನಾನು."

"ಲೇ, ಸುಮ್ನಿರೇ! ಪಾಸಾಗೋದು ಬೇಡ್ವಾ?"

"ಬೆಳಿಗ್ಗೆ ಇದರ ಜೊತೆ ಇನ್ನೊಂದು ಪಂಪು ಕೊಟ್ಟಿದೀನಮ್ಮಾ. ಅದರ ಸೌಂಡೂ ಏರಿಸಿಲ್ಲ. ಮಕ್ಕಳ ವಾರ್ಡಲ್ಲಿದೆ. ನೀನೇ ಒತ್ತಿದ್ದು ಅಂತಾದ್ರೆ ಅದನ್ನ ಯಾರು ಹೋಗಿ ನೋಡ್ತಾರೆ?"

ಅವಳ ಮಾತು ಮುಗಿಯುವ ಮೊದಲೇ ಮೇಷ್ಟ್ರು ಓಡಿದ್ದರು. ಅವರ ಹಿಂದೆಯೇ ಅವಳೂ ಓಡಿದಳು. ಪಕ್ಕದವಳ ನಗು ನಿಂತಿತ್ತು. ಯಾರದೋ ಮಗು. ನನಗೆ ನನ್ನ ಮಗು ಒಂದೇ ಕಂಡಿತ್ತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ.

ಅವಳು ವಾಪಸು ಬಂದಾಗ ಮೈಯೆಲ್ಲ ಬೆವರು. "ಔಷಧಿ ಇನ್ನೂ ಇತ್ತು. ಮಗು ಚೆನ್ನಾಗಿದೆ."

ಪರೀಕ್ಷೆ ಏನಾಯಿತೆಂದು ಕೇಳುವ ಮುಖ ನನಗಿರಲಿಲ್ಲ. ಅವಳೇ, "ಮೊದಲಿಂದ ಕಲಿ ಅಂದ್ರು" ಎಂದಳು.

ಆಮೇಲೆ ನನ್ನ ಪಂಪಿನ ಸದ್ದು ಏರಿಸಿ, ಸರಿಯಿದೆಯೋ ಎಂದು ಒಮ್ಮೆ ಕಿರುಚಿಸಿದಳು. ವಾರ್ಡಿಗೆ ವಾರ್ಡೇ ತಿರುಗಿ ನನ್ನನ್ನು ನೋಡಿತು. ತಗ್ಗಿಸು ಎನ್ನಲು ನನಗೆ ಬಾಯಿ ಬರಲಿಲ್ಲ.