ಬ್ಯಾರೆಲ್ಸ್ ತಂಡದ ಮೊದಲ ತಪ್ಪು

ನಮ್ಮ ಮನೆಯವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ‘ಪಾಪ’ ಬರುತ್ತದೆ ಎಂದು ಎಣಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಹಾಲು ಉಕ್ಕಿದರೆ ಹಾಲಿಗೆ ಪಾಪ, ಕಾರಿನ ಟೈರು ಪಂಕ್ಚರ್ ಆದರೆ ಮೊಳೆಗೂ ಪಾಪ. ಇಂಥ ವಿಜಯಕುಮಾರರನ್ನು, ಗದಗಿನ ಈ ಕರುಣಾಸಾಗರವನ್ನು, ಸಿಯಾಟಲ್ ಪಕ್ಕದ ವುಡಿನ್‌ವಿಲ್ಲಿನವರು ತಮ್ಮ ಹೊಸ ಬೇಸ್‌ಬಾಲ್ ತಂಡದ ಸ್ಕೋರು ಬರೆಯಲು ಕೂರಿಸಿದರು. ಅವರ ಬುದ್ಧಿಗೆ ಏನೆನ್ನಬೇಕು?

ತಂಡದ ಹೆಸರು ವುಡಿನ್‌ವಿಲ್ ಬ್ಯಾರೆಲ್ಸ್. ಒಬ್ಬ ವೈನರಿ ಮಾಲೀಕ ಕಟ್ಟಿದ್ದು. ಲೀಗು ಸಣ್ಣದು, ಆದರೆ ಆಡುವವರಿಗೆ ಸಂಬಳವುಂಟು, ಹಾಗಾಗಿ ಪ್ರೊಫೆಷನಲ್ ಎಂದು ಬೋರ್ಡು. ಇವರು ಮೇರಿಮೂರ್ ಪಾರ್ಕಿನಲ್ಲಿ ನಮ್ಮ ಕನ್ನಡದವರ ಕ್ರಿಕೆಟ್ಟಿಗೆ ಸ್ಕೋರು ಬರೆಯುತ್ತಿದ್ದುದನ್ನು ಕಂಡ ಮಾಲೀಕ, ಅಲ್ಲೂ ಬ್ಯಾಟು, ಇಲ್ಲೂ ಬ್ಯಾಟು, ಬನ್ನಿ ಎಂದ. ಸ್ಕೋರ್‌ಬೋರ್ಡಿನ ಗುಂಡಿ ಒತ್ತಲು ಇನ್ನೊಬ್ಬರು ಬೇಕಿತ್ತು. ನಮ್ಮ ಸ್ವಪ್ನಾಗೆ ಶನಿವಾರ ಏನು ಕೆಲಸ ಎಂದು ನನ್ನನ್ನು ಕೇಳದೆ ನನ್ನ ಹೆಸರು ಕೊಟ್ಟುಬಂದರು.

ಬೇಸ್‌ಬಾಲಿನಲ್ಲಿ ಒಂದು ವಿಚಿತ್ರ ನ್ಯಾಯವಿದೆ. ಕೈಗೆ ಬಂದ ಚೆಂಡನ್ನು ಫೀಲ್ಡರ್ ಬಿಟ್ಟರೆ, ಅದು ಹೊಡೆದವನ ಜಾಣತನವೋ ಬಿಟ್ಟವನ ತಪ್ಪೋ ಎಂದು ಸ್ಕೋರು ಬರೆಯುವವರೇ ತೀರ್ಮಾನಿಸಬೇಕು. ಜಾಣತನವಾದರೆ ‘ಹಿಟ್’, ತಪ್ಪಾದರೆ ‘ಎರರ್’. ಎರರ್ ಎಂದು ಬರೆದರೆ ಅದರಿಂದ ಬಂದ ರನ್ನು ಚೆಂಡು ಎಸೆದವನ, ಅಂದರೆ ಪಿಚರನ, ಲೆಕ್ಕಕ್ಕೆ ಬೀಳುವುದಿಲ್ಲ. ಹಿಟ್ ಎಂದು ಬರೆದರೆ ಪೂರ್ತಿ ಅವನ ತಲೆಗೆ.

ತಂಡದ ಇತಿಹಾಸದಲ್ಲಿ ಮೊಟ್ಟಮೊದಲು ಹೊಡೆಸಿಕೊಂಡ ಚೆಂಡು ತೆವಳುತ್ತ ಹೋಗಿದ್ದು ಎರಡನೇ ಮತ್ತು ಮೂರನೇ ಬೇಸಿನ, ಅಂದರೆ ಓಡುವವರು ಮುಟ್ಟಬೇಕಾದ ಮೂಲೆಗಳ, ನಡುವೆ ನಿಂತಿದ್ದ ಕೆಂಪುಗೂದಲಿನ ಹುಡುಗನ ಬಳಿಗೆ. ಹೆಸರು ಕೋಡಿ. ಹೆಸರಿಗೆ ತಕ್ಕಂತೆ ಕೆರೆಯ ಕೋಡಿಯೇ, ಬಂದದ್ದೆಲ್ಲ ಹರಿದು ಹೋಗುತ್ತಿತ್ತು. ಚೆಂಡು ಅವನ ಎರಡು ಕಾಲಿನ ನಡುವೆ ನುಸುಳಿ ಹಿಂದೆ ಹೋಯಿತು. ನಾನು ಎರರ್ ಗುಂಡಿಯ ಮೇಲೆ ಬೆರಳಿಟ್ಟೆ. ಇವರು ನನ್ನ ಕೈ ಹಿಡಿದರು.

“ಮೊದಲನೇ ದಿನಾನ ತಪ್ಪು ಬರ್ದು ಶುರು ಮಾಡಬಾರ್ದು. ಪಾಪ, ಹುಡುಗ ಹೆದರ್ಯಾನ” ಎಂದರು.

ಹಿಟ್ ಆಯಿತು. ಶ್ರೀಕಾರ ಹಾಕುವ ದಿನ ಒಂದು ಹೋಗಲಿ ಎಂದು ನಾನೂ ಸುಮ್ಮನಾದೆ. ಆದರೆ ಇವರ ಶ್ರೀಕಾರ ಮುಗಿಯಲೇ ಇಲ್ಲ. ಒಬ್ಬ ಚೆಂಡು ಬಿಟ್ಟ, ಪಾಪ, ಕಣ್ಣಿಗೆ ಬಿಸಿಲು ಹೊಡೆಯಿತಂತೆ. ಸಿಯಾಟಲ್ ಮೋಡದಲ್ಲಿ ಯಾವ ಬಿಸಿಲು? ಇನ್ನೊಬ್ಬ ಫೋನಿನಲ್ಲಿ ಮಾತಾಡುತ್ತ ನಿಂತಿದ್ದ, ಪಾಪ, ಮನೆಯಿಂದ ಫೋನು ಬಂದರೆ ಎತ್ತಬೇಡವೇ? ಮತ್ತೊಬ್ಬ ಹಿಡಿದ ಚೆಂಡನ್ನು ಎದುರಾಳಿ ಆಟಗಾರನ ಕೈಗೇ ಕೊಟ್ಟ. ಪಾಪ, ಕೇಳಿದವರಿಗೆ ಇಲ್ಲ ಎನ್ನಲಾಗದ ಸ್ವಭಾವವಂತೆ. ಎಲ್ಲವೂ ಹಿಟ್ಟೇ.

ಬ್ಯಾರೆಲ್ಸ್ ಆಡಿದ ಮ್ಯಾಚನ್ನೆಲ್ಲ ಸೋತರು. ಆದರೆ ಕಾಗದದ ಮೇಲೆ ಒಂದೂ ತಪ್ಪಿಲ್ಲ. ಇದನ್ನು ಮೊದಲು ಕಂಡವನು ಮಾಲೀಕ. ಮೈದಾನದ ಬಾಗಿಲಿಗೆ ‘ತಪ್ಪೇ ಮಾಡದ ತಂಡ’ ಎಂದು ಬ್ಯಾನರು ಹಾಕಿಸಿದ, ಅದೇ ಹೆಸರಿನ ವೈನು ಇಳಿಸಿದ. ಪಕ್ಕದ ಊರು ಲಿನ್‌ವುಡ್ಡಿನಿಂದ ಜನ ಸಂಸಾರ ಸಮೇತ ಬಂದರು. ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ದೇಶದವರು ಪರೀಕ್ಷೆಗೆ ಕೂರುವ ಮಕ್ಕಳನ್ನು ಕರೆತಂದು ಕೋಡಿಯ ಗ್ಲವ್ಸ್ ಮುಟ್ಟಿಸಿಕೊಂಡು ಹೋದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಈ ಸಂಭ್ರಮದಲ್ಲಿ ಸತ್ತವನು ಪಿಚರ್. ಅವನು ಬೇರೆ ಯಾರೂ ಅಲ್ಲ, ಕ್ರಾಸ್‌ರೋಡ್ಸಿನ ಸೆಲಿನ್ ಮತ್ತು ವಿನ್ಸೆಂಟರ ಮಗ ಕ್ಲೈವ್. ಮಂಗಳೂರಿನ ಕಡೆಯವರು, ನಮಗೆ ಮನೆಯವರ ಹಾಗೆ. ಹುಡುಗ ಚೆನ್ನಾಗಿಯೇ ಎಸೆಯುತ್ತಿದ್ದ. ಆದರೆ ಹಿಂದೆ ನಿಂತವರು ಬಿಟ್ಟ ಒಂದೊಂದು ಚೆಂಡೂ ಇವನ ಲೆಕ್ಕಕ್ಕೆ ಬಿದ್ದು, ಲೀಗಿನಲ್ಲೇ ಅತಿ ಕೆಟ್ಟ ಪಿಚರ್ ಎಂದು ಹೆಸರಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ಒಂದು ಶುಕ್ರವಾರ ಸೆಲಿನ್ ಫೋನು ಮಾಡಿದಳು. ನಾಳೆ ಅವನ ಲೆಕ್ಕಕ್ಕೆ ಒಂದೇ ಒಂದು ರನ್ ಬಿದ್ದರೂ ತಂಡದಿಂದ ತೆಗೆಯುತ್ತೇನೆ ಎಂದು ಕೋಚ್ ಹೇಳಿದ್ದಾನಂತೆ. “ಅವ ಊಟ ಮಾಡುದಿಲ್ಲ ಮಾರಾಯ್ತಿ. ನಂಗೆ ಎಸೀಲಿಕ್ಕೇ ಬರುದಿಲ್ಲ ಅಂತ ಅವನೇ ನಂಬಿದ್ದಾನೆ” ಎಂದು ಅತ್ತಳು. ಫೋನಿಟ್ಟವಳೇ ಇವರ ಮುಂದೆ ಹೋಗಿ ನಿಂತೆ. ನಾಳೆ ಒಬ್ಬ ಚೆಂಡು ಬಿಟ್ಟರೂ ಎರರ್ ಬರೆಯಬೇಕು ಎಂದು ಇವರಿಗೆ ಖಡಕ್ಕಾಗಿ ಹೇಳಿದೆ. ಆಯ್ತು ಎಂದರು. ಇವರ ಆಯ್ತನ್ನು ನಂಬಿ ಯಾರು ಉದ್ಧಾರವಾಗಿದ್ದಾರೆ?

ಶನಿವಾರ ಕ್ಲೈವ್ ಹಲ್ಲು ಕಚ್ಚಿಕೊಂಡು ಎಸೆದ. ಆಟದ ಕೊನೆಯವರೆಗೂ ಒಂದು ರನ್ನೂ ಕೊಡಲಿಲ್ಲ. ಇನ್ನೊಬ್ಬ ಔಟಾದರೆ ಅವನು ಎಸೆಯುವ ಸರದಿ ಮುಗಿಯಿತು. ರನ್ನಿಗೆ ಒಂದೇ ಓಟ ಬಾಕಿಯಿರುವ ಮೂರನೇ ಬೇಸಿನಲ್ಲಿ ಎದುರಾಳಿಯೊಬ್ಬ ಓಡಲು ಕಾದು ನಿಂತಿದ್ದ. ಕ್ಲೈವ್ ಎಸೆದ ಚೆಂಡಿಗೆ ಬ್ಯಾಟು ತಾಗಿತು, ಅದು ಮೆಲ್ಲಗೆ ಉರುಳಿಕೊಂಡು ಕೋಡಿಯ ಬಳಿಗೇ ಹೋಯಿತು. ಮತ್ತೆ ಕಾಲಿನ ನಡುವೆ. ಓಡುವವನು ಓಡಿದ, ರನ್ ಬಂತು.

ನಾನು ಇವರ ಮುಖ ನೋಡಿದೆ. ಇವರು ಮುಂದಿನ ಸಾಲಿನಲ್ಲಿ ಕುಳಿತ ಕೆಂಪುಗೂದಲಿನ ಹೆಂಗಸನ್ನು ನೋಡುತ್ತಿದ್ದರು.

“ಅವನ ತಾಯಿ ಬಂದಾಳ ಸ್ವಪ್ನಾ. ಹೆತ್ತಾಕಿ ಮುಂದ ಮಗನ ತಪ್ಪು ಹೆಂಗ ಬರೀಲಿ? ಪಾಪ.”

“ಆಕಿ ಕಾಣ್ತಾಳ, ಸೆಲಿನ್ ಕಾಣಂಗಿಲ್ಲೇನ್ರೀ? ಆಕೀನೂ ಹೆತ್ತಾಳ. ನಿಮ್ಮ ಪಾಪ ಎಲ್ಲಾ ಆ ಕ್ಲೈವನ ತಲಿಗೆ ಸುತ್ತಗೊಂಡೈತಿ” ಎಂದು ಎರರ್ ಗುಂಡಿಯನ್ನು ಒತ್ತೇಬಿಟ್ಟೆ.

ಬೋರ್ಡಿನಲ್ಲಿ ತಂಡದ ಮೊದಲ ಎರರ್ ಹತ್ತಿತು. ಮಾಲೀಕ ಹೊಟ್ಟೆ ಹಿಡಿದುಕೊಂಡು ನಮ್ಮ ಗೂಡಿಗೆ ಓಡಿಬಂದ. ಕೈತಪ್ಪಿ ಒತ್ತಿರಬೇಕು, ಅಳಿಸಿ, ಇನ್ನೂ ರಾಶಿ ವೈನು ಮಾರುವುದಿದೆ ಎಂದು ಅಂಗಲಾಚಿದ. ಗುಂಡಿ ನನ್ನದಾದರೂ ತೀರ್ಪು ಇವರದು. ಇವರು ಕೆಳಗೆ ನೋಡಿದರು. ಸೆಲಿನ್ ಕೈಯಲ್ಲಿ ಜಪಸರ ಹಿಡಿದು ಕಣ್ಣು ಮುಚ್ಚಿದ್ದಳು. ಕ್ಲೈವ್ ಟೋಪಿ ತೆಗೆದು, ಇನ್ನು ತನ್ನದೇನೂ ಇಲ್ಲ ಎನ್ನುವವನಂತೆ ಹೊರಡಲು ತಯಾರಾಗಿದ್ದ. ಇವರು ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಮುಖ ನೋಡಿ ಇಲ್ಲ ಎಂದರು. ಅಳಿಸುವುದಿಲ್ಲ, ಅದು ಕೋಡಿಯ ತಪ್ಪೇ ಎಂದರು.

ಆಗ ಮುಂದಿನ ಸಾಲಿನ ಆ ತಾಯಿ ಎದ್ದು ನಿಂತಳು. ಬೈಗುಳ ಬರುತ್ತದೆಂದು ಇವರು ನನ್ನ ಬೆನ್ನ ಹಿಂದೆ ಸರಿದರು. ಆಕೆ ಬೈದದ್ದು ಮಗನನ್ನು. ಸೊಂಟ ಬಗ್ಗಿಸೋ, ಸೊಂಟ ಬಗ್ಗಿಸೋ ಎಂದು ಚಿಕ್ಕಂದಿನಿಂದ ಬಡಕೊಳ್ಳುತ್ತಿದ್ದೇನೆ, ನೀನೋ ನಾನು ತಪ್ಪೇ ಮಾಡದವನು ಎಂದು ಪೇಪರು ತೋರಿಸುತ್ತಿದ್ದೆ, ಈಗ ನೋಡು ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು. ಕೋಡಿ ಕೆಂಪಗಾದ. ಎದೆಯ ಮೇಲೆ ಕೈಯಿಟ್ಟು ಕ್ಲೈವನ ಕಡೆ ತಲೆ ಬಗ್ಗಿಸಿದ. ಕ್ಲೈವ್ ಅವನನ್ನೇ ನೋಡುತ್ತ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ.

ಮುಂದಿನ ಚೆಂಡೂ ದೇವರು ಕಳಿಸಿದಂತೆ ಅಲ್ಲಿಗೇ ಹೋಯಿತು. ಕೋಡಿ ಸೊಂಟ ಬಗ್ಗಿಸಿದ. ಹಿಡಿದ. ಎಸೆದ. ಔಟ್. ಕ್ಲೈವನ ಲೆಕ್ಕದಲ್ಲಿ ಆ ದಿನ ಒಂದು ರನ್ನೂ ಇಲ್ಲ. ಬ್ಯಾರೆಲ್ಸ್ ತಮ್ಮ ಸರದಿಯಲ್ಲಿ ಒಂದು ರನ್ನೂ ಹೊಡೆಯದೆ ಎಂದಿನಂತೆ ಸೋತರು, ಕೋಚ್ ಮಾತ್ರ ಬಂದು ಕ್ಲೈವನ ಬೆನ್ನು ತಟ್ಟಿ ಸೋಮವಾರ ಬೇಗ ಬಾ ಎಂದ. ಸೆಲಿನ್ ಆ ಕೆಂಪುಗೂದಲಿನವಳನ್ನು ತಬ್ಬಿಕೊಂಡಿದ್ದಳು, ಇಬ್ಬರೂ ಅಳುತ್ತಿದ್ದರು.

ಇವರು ಕಣ್ಣೊರೆಸಿಕೊಂಡು, “ನೋಡಿದ್ಯಾ? ಒಂದು ತಪ್ಪು ಬರ್ದಿದ್ದಕ್ಕ ಹುಡುಗ ಹಿಡದ” ಎಂದರು.

“ಮೊದಲನೇ ದಿನಾನ ಬರ್ದಿದ್ರ ಅವತ್ತ ಹಿಡೀತಿದ್ದ” ಎಂದೆ.

ಇವರು ಬಾಯಿ ತೆರೆದರು. ‘ಪಾಪ’ ಎನ್ನುತ್ತಾರೆಂದು ಕಾದೆ. ಯಾರಿಗೆ ಅನ್ನಬೇಕೆಂದು ತಿಳಿಯದೆ ಹಾಗೇ ಮುಚ್ಚಿಕೊಂಡರು.