ಐದು ಒತ್ತಿದರೆ ತೆರೆಯುವ ಬಾಗಿಲು

ನಮ್ಮ ಮೈಥಿಲಿಗೆ ನನ್ನ ಮೇಲೆ ಎಷ್ಟು ನಂಬಿಕೆ ಎಂದರೆ, ಹಾಲು ಕಾಯಿಸು ಎಂದು ಹೇಳಿ ಹೋದ ದಿನ ಆಫೀಸಿನಿಂದ ಮೂರು ಸಲ ಫೋನ್ ಮಾಡಿ ಉಕ್ಕಿತಾ ಎಂದು ಕೇಳುತ್ತಾಳೆ. ಅಂಥವಳು ಆ ಬುಧವಾರ ಮೊಮ್ಮಗಳನ್ನು ಶಾಲೆಯಿಂದ ಕರೆತರುವ ಕೆಲಸವನ್ನು ನನಗೆ ಒಪ್ಪಿಸಿದಳು. ಒಪ್ಪಿಸಿದಳು ಅನ್ನುವುದಕ್ಕಿಂತ, ಬೇರೆ ದಾರಿಯಿರಲಿಲ್ಲ. ಹಾಲೆಂಡಿನ ಈ ಊರಿನಲ್ಲಿ ಬುಧವಾರ ಶಾಲೆ ಅರ್ಧ ದಿನ, ಹನ್ನೆರಡೂಕಾಲಿಗೆಲ್ಲ ಬಿಟ್ಟುಬಿಡುತ್ತಾರೆ. ಅಳಿಯ ಸುಜಯ್‌ಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸ. ಬುಧವಾರ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ ಮೈಥಿಲಿಯನ್ನು ಈಗ ಹೇಗ್‌ನ ಆಫೀಸಿಗೇ ಬಾ ಎಂದಿದ್ದಾರೆ.

"ಅಮ್ಮಾ, ಇವತ್ತು ಟ್ರಯಲ್," ಎಂದಳು ಶೂ ಹಾಕಿಕೊಳ್ಳುತ್ತಾ. "ಸರಿಹೋದ್ರೆ ಪ್ರತಿ ಬುಧವಾರ ನೀನೇ ಹೋಗು. ಏನಾದ್ರೂ ಎಡವಟ್ಟಾಯ್ತೋ, ಮುಂದಿನ ವಾರದಿಂದ ಅವಳನ್ನ ಡೇಕೇರಿಗೆ ಹಾಕ್ತೀನಿ. ಫಾರ್ಮ್ ಫಿಲ್ ಮಾಡಿ ಇಟ್ಟಿದೀನಿ."

"ನನ್ನ ಹೆಸರೂ ಬರ್ದುಬಿಡು. ಇಬ್ರು ಮಕ್ಳು, ಒಂದಕ್ಕೆ ಹಲ್ಲು ಬರ್ತಿದೆ, ಒಂದಕ್ಕೆ ಹೋಗ್ತಿದೆ ಅಂತ."

"ತಮಾಷೆ ಅಲ್ಲಮ್ಮ."

ನನಗೂ ತಮಾಷೆಯಾಗಿರಲಿಲ್ಲ. ಜೂಟರ್‌ಮೀರ್‌ಗೆ ಬಂದು ಐದು ವಾರವಾಗಿತ್ತು. ಐದು ವಾರವೂ ಏಳನೇ ಮಹಡಿಯ ಕಿಟಕಿಯ ಹತ್ತಿರ ಕೂತು ಕೆಳಗೆ ಹೋಗುವ ಟ್ರಾಮ್ ಎಣಿಸಿದ್ದೇ ಎಣಿಸಿದ್ದು. ಹದಿನೈದು ಲಕ್ಷವಾದರೂ ಆಗಿರಬೇಕು. ಮೈಥಿಲಿಯದು ಒಂದೇ ರಾಗ, ಒಬ್ಬಳೇ ಹೊರಗೆ ಹೋಗಬೇಡ, ದಾರಿ ತಪ್ಪುತ್ತೀಯ, ಸೈಕಲಿನವರು ಗುದ್ದುತ್ತಾರೆ, ಚಳಿ ಹಿಡಿಯುತ್ತೆ. ಮೈಸೂರಿನಲ್ಲಿ ದೇವರಾಜ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಇಡೀ ಬೀದಿಯ ಜೊತೆ ಜಗಳವಾಡಿ ಬರುತ್ತಿದ್ದವಳು ನಾನು. ಶಾಲೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ನನ್ನ ಪಾಲಿಗೆ ಕಾಶಿಯಾತ್ರೆಗಿಂತ ದೊಡ್ಡದಾಗಿತ್ತು.

ಅವತ್ತೇ ಆಯುಧಪೂಜೆ. ಸಂಜೆ ಬಂದು ಮಾಡೋಣ ಎಂದಿದ್ದಳು ಮೈಥಿಲಿ. ಅವಳ ಸಂಜೆ ನನಗೆ ಗೊತ್ತಿಲ್ಲವೇ? ಬಂದವಳೇ ಲ್ಯಾಪ್‌ಟಾಪ್ ತೆರೆದರೆ ದೇವರೇ ಎದುರು ನಿಂತರೂ ಎರಡು ನಿಮಿಷ ಕಾಯಿರಿ ಅನ್ನುತ್ತಾಳೆ. ನಮ್ಮ ಯಜಮಾನರು ನಾರಾಯಣಸ್ವಾಮಿಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಈ ದಿನ ಬೆಳಿಗ್ಗೆ ಅವರು ಸ್ಪ್ಯಾನರಿಗೂ ಕುಂಕುಮ ಇಡದೆ ಕಾಫಿ ಮುಟ್ಟುತ್ತಿರಲಿಲ್ಲ. ಅದಕ್ಕೆ ನಾನೇ ಮಿಕ್ಸಿಗೆ ಇಟ್ಟೆ, ವಾಷಿಂಗ್ ಮೆಷಿನ್ನಿಗೆ ಇಟ್ಟೆ. ಮೊಮ್ಮಗಳು ಹಿತಾಳ ಪುಟ್ಟ ಸೈಕಲ್ ಮಾತ್ರ ಉಳಿಯಿತು. ಅದು ನೆಲಮಾಳಿಗೆಯಲ್ಲಿ, ಇಡೀ ಕಟ್ಟಡದವರ ಸೈಕಲ್ ನಿಲ್ಲಿಸುವ ಕೋಣೆಯಲ್ಲಿತ್ತು.

ಹನ್ನೊಂದೂಕಾಲಿಗೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ನಾಲ್ಕು ಸೇವಂತಿಗೆ, ಎರಡು ನಿಂಬೆಹಣ್ಣು, ಒಂದು ಚೊಂಬು ನೀರು ಇಟ್ಟುಕೊಂಡು, ಸ್ವೆಟರಿನ ಜೇಬಿಗೆ ಮನೆಯ ಕೀಲಿಯನ್ನೂ ಫೋನನ್ನೂ ಹಾಕಿಕೊಂಡು ಇಳಿದೆ. ಸೈಕಲ್ ಹೊರಗೆ ತರುತ್ತಿದ್ದ ಒಬ್ಬ ಬಿಳಿಗಡ್ಡದವನು ನನ್ನ ತಟ್ಟೆ ನೋಡಿ ನಕ್ಕು ಬಾಗಿಲು ಹಿಡಿದುಕೊಂಡ. ಒಳಗೆ ಹೋದೆ. ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡಿತು.

ಸೈಕಲ್ಲಿಗೆ ಹೂವಿಟ್ಟೆ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪಚಕ್ಕನೆ ತುಳಿಸಿದೆ. ಆಮೇಲೆ ಫೋನ್ ನೆನಪಾಯಿತು. ಈ ದೇಶದಲ್ಲಿ ನನ್ನದು ಅನ್ನುವ ಆಯುಧ ಇರುವುದು ಅದೊಂದೇ. ಅದಕ್ಕೆ ಹಿಂದುಗಡೆ ಕವರ್ ಇದೆ, ಕುಂಕುಮ ಇಟ್ಟರೂ ನಿಲ್ಲುವುದಿಲ್ಲ. ಗಾಜಿನ ಮೇಲ್ತುದಿಯ ನಡುವೆ, ಮನುಷ್ಯರಿಗಾದರೆ ಹಣೆ ಇರುವ ಜಾಗದಲ್ಲಿ, ಅರಿಶಿನ ಕಲಸಿ ದಪ್ಪಗೆ ಮೆತ್ತಿ, ಮೇಲೆ ಕುಂಕುಮ ಇಟ್ಟೆ. ಲಕ್ಷಣವಾಗಿ ಕಾಣಿಸಿತು.

ಹೊರಡೋಣ ಎಂದು ಹಿಡಿಕೆ ಎಳೆದರೆ ಬಾಗಿಲು ಬರಲಿಲ್ಲ.

ಸೈಕಲ್ ಕಳ್ಳರ ಕಾಟಕ್ಕೆ ಆ ಬಾಗಿಲು ಒಳಗಿನಿಂದಲೂ ಸುಮ್ಮನೆ ತೆರೆಯುವುದಿಲ್ಲ. ನೀಲಿ ಗುಂಡಿಯೊಂದನ್ನು ಗೋಡೆಯ ಪೆಟ್ಟಿಗೆಗೆ ತೋರಿಸಬೇಕು. ಅದು ಮೇಲೆ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹೆದರಲಿಲ್ಲ. ನಾನು ಬಂದ ವಾರವೇ ಅಳಿಯ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದ.

"ಅತ್ತೆ, ಗುಂಡಿ ಮರೆತ್ರೆ ಫೋನಲ್ಲಿ 'ಬಾಗಿಲು' ಅಂತ ಇದ್ಯಲ್ಲ, ಅದಕ್ಕೆ ಕಾಲ್ ಮಾಡಿ. ನಿಮ್ಮ ನಂಬರ್ ರಿಜಿಸ್ಟರ್ ಮಾಡ್ಸಿದೀನಿ, ಇನ್ಯಾರ ಫೋನಿಂದ್ಲೂ ಆಗಲ್ಲ, ನಮ್ಮ ಮನೆಯವರದ್ದೇ ಆಗ್ಬೇಕು. ಒಬ್ಳು ಡಚ್ಚಲ್ಲಿ ಏನೋ ಹೇಳ್ತಾಳೆ. ಹೇಳಿದ ಮೇಲೆ ಚುಕ್ಕಿಗಳ ಚಿತ್ರ ಒತ್ತಿ, ಐದು ಒತ್ತಿ. ಬಾಗಿಲು ತೆಗೆಯುತ್ತೆ."

ಹತ್ತು ಸಲ ಅಭ್ಯಾಸ ಮಾಡಿಸಿದ್ದ. ಬಾಗಿಲಿಗೆ ಫೋನ್ ಮಾಡಿದೆ. ಅವಳು ಹೇಳಿದಳು. ಐದು ಒತ್ತೋಣ ಎಂದು ನೋಡಿದರೆ ಗಾಜು ಕಾಡಿಗೆಯ ಡಬ್ಬಿಯಂತೆ ಕಪ್ಪಾಗಿತ್ತು. ಚುಕ್ಕಿಯೂ ಇಲ್ಲ, ಐದೂ ಇಲ್ಲ. ಒತ್ತಿದೆ, ಉಜ್ಜಿದೆ, ಪಕ್ಕದ ಗುಂಡಿ ಅದುಮಿದೆ. ಒಳಗಿನಿಂದ ಅವಳು ಮಾತ್ರ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಫೋನ್ ಇಡೋಣವೆಂದರೆ ಇಡುವ ಕೆಂಪು ಗುರುತೂ ಕಾಣುತ್ತಿಲ್ಲ. ನಾನು ಕೋಣೆಯಲ್ಲಿ ಸಿಕ್ಕಿಬಿದ್ದವಳು, ಈಗ ಆ ಹೆಂಗಸಿನ ಮಾತಿನಲ್ಲೂ ಸಿಕ್ಕಿಬಿದ್ದೆ. ಅವಳಿಗೆ ಸಾಕಾಗಿ ಅವಳೇ ಇಟ್ಟಾಗ ಗಾಜು ಪಳಕ್ಕನೆ ಬೆಳಗಿತು. ಏನೂ ಆಗಿಲ್ಲದ ಹಾಗೆ ಹಿತಾಳ ಫೋಟೋ ಹಲ್ಲು ಬಿಡುತ್ತಿತ್ತು.

ಮತ್ತೆ ಮಾಡಿದೆ. ಮತ್ತೆ ಕಪ್ಪು. ಆರು ಸಲ ಮಾಡಿದೆ. ಅಷ್ಟರಲ್ಲಿ ದೀಪವೂ ಆರಿತು. ಅಲ್ಲಿಯ ದೀಪಕ್ಕೆ ಮನುಷ್ಯರು ಅಲುಗಾಡುತ್ತಿರಬೇಕು, ಸುಮ್ಮನೆ ನಿಂತರೆ ಹೆಣ ಎಂದುಕೊಂಡು ಆರಿಸುತ್ತದೆ. ಟ್ರಾಫಿಕ್ ಪೊಲೀಸಿನವನಂತೆ ಒಂದು ಕೈ ಬೀಸುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ನೂರಾರು ಸೈಕಲ್ಲುಗಳ ನಡುವೆ ನಿಂತಿದ್ದೆ. ಬಾಗಿಲು ಬಡಿದೆ. ಕಬ್ಬಿಣದ ಬಾಗಿಲು, ನನ್ನ ಬಳೆಯಿಲ್ಲದ ಕೈಯ ಸದ್ದು ನನಗೇ ಕೇಳಿಸಲಿಲ್ಲ. ಗಂಟೆ ಹನ್ನೊಂದು ಐವತ್ತು.

ಮೈಥಿಲಿಗೆ ಫೋನ್ ಮಾಡಿದರೆ ಅವಳು ಹೇಗ್‌ನಲ್ಲಿ ಕೂತಲ್ಲೇ ಐದು ಒತ್ತುತ್ತಾಳೆ, ಬಾಗಿಲು ತೆರೆಯುತ್ತದೆ. ಆಮೇಲೆ ಏಳನೇ ಮಹಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಅದಕ್ಕೆ ಯಾವ ನಂಬರೂ ಇಲ್ಲ. ಸುಜಯ್‌ಗೆ ಮಾಡಿದರೆ ಅವನು ಒಳ್ಳೆಯವನು, ಆದರೆ ಹೆಂಡತಿಯಿಂದ ಏನನ್ನೂ ಅರ್ಧ ಗಂಟೆಗಿಂತ ಹೆಚ್ಚು ಬಚ್ಚಿಟ್ಟವನಲ್ಲ. ಆಯೆಷಾಗೆ ಮಾಡಿದೆ. ರಾಮನಗರದ ಹುಡುಗಿ, ಕೆರೆಯಾಚೆಯ ಕಟ್ಟಡದವಳು. ಮೈಥಿಲಿ ಜೊತೆ ಹೋಗಿದ್ದಾಗ ಪಾರ್ಕಿನಲ್ಲಿ ಸಿಕ್ಕಿದ್ದಳು. ಕನ್ನಡ ಕೇಳಿ ನಾನೇ ಅವಳ ಕೈ ಹಿಡಿದುಕೊಂಡಿದ್ದೆ.

"ಅರೆ ಆಂಟಿ! ನಾನು ಹಾರ್ಲೆಮ್‌ನಲ್ಲಿ ಆಫೀಸಲ್ಲಿದೀನಿ. ಏನಾಯ್ತು?"

"ನೆಲದೊಳಗೆ ಹೂತು ಹಾಕಿದಾರೆ ಕಣೆ ನನ್ನ. ಮೂರು ದಿನದಿಂದ ಅನ್ನ ನೀರಿಲ್ಲ."

"ಆಂಟಿ, ನಿನ್ನೆ ಸಂಜೆ ನಿಮ್ ಜೊತೆ ಚಕ್ಕುಲಿ ತಿಂದೆ ನಾನು."

ಸೈಕಲ್ ಕೋಣೆ, ಬಾಗಿಲು, ಕಪ್ಪಾಗುವ ಗಾಜು, ಎಲ್ಲ ಹೇಳಿದೆ. ಮೈಥಿಲಿಗೆ ಹೇಳಿದರೆ ನಿನ್ನ ಜೊತೆ ಟೂ ಎಂದೂ ಹೇಳಿದೆ.

"ಈಗ ಸ್ಕ್ರೀನ್ ಹೇಗಿದೆ?"

"ನಿನ್ನ ಹತ್ರ ಮಾತಾಡೋವಾಗ್ಲೂ ಕಪ್ಪೇ. ನೀನು ಇಟ್ರೇನೇ ಅದು ಕಣ್ಣು ಬಿಡೋದು."

"ಸರಿ, ನಾನಿಡ್ತೀನಿ. ನೀವು ಫೋನ್ ಆಫ್ ಮಾಡಿ ಆನ್ ಮಾಡಿ, ಮತ್ತೆ ನಾನೇ ಮಾಡ್ತೀನಿ."

ಆಫ್ ಮಾಡಿದೆ. ಅದು ಮತ್ತೆ ಹುಟ್ಟಿ, ಬೆಳೆದು, ನನ್ನ ನಾಲ್ಕು ಅಂಕಿ ಕೇಳಿ ಮೈಗೆ ಬರುವ ಹೊತ್ತಿಗೆ ಒಂದು ಯುಗ ಕಳೆಯಿತು. ಆಯೆಷಾ ಫೋನ್ ಬಂತು, ಎತ್ತಿದೆ, ಕಪ್ಪಾಯಿತು.

"ಕವರ್ ತೆಗೀರಿ."

"ತೆಗೆದೆ. ಬತ್ತಲೆ ನಿಂತಿದೆ. ಆದ್ರೂ ಕಪ್ಪೇ."

"ಬೆಳಕಿಗೆ ಹಿಡೀರಿ."

"ಹಿಡಿದೆ. ನನ್ನ ಮುಖ ಕಾಣ್ತಿದೆ, ಭಯ ಆಗ್ತಿದೆ."

"ಆಂಟಿ, ನಗಿಸ್ಬೇಡಿ, ಮೀಟಿಂಗ್ ರೂಮ್ ಹೊರಗೆ ನಿಂತಿದೀನಿ. ಬೆಳಿಗ್ಗೆ ಸರಿ ಇತ್ತು ತಾನೆ? ಕೆಳಗೆ ಬೀಳಿಸಿದ್ರಾ? ನೀರು ಹಾಕಿದ್ರಾ?"

"ಮಗು ಥರ ನೋಡ್ಕೊಂಡಿದೀನಿ. ಪೂಜೆ ಬೇರೆ ಮಾಡಿದೀನಿ."

ಅವಳ ನಗು ನಿಂತಿತು.

"ಆಂಟಿ. ಕುಂಕುಮ ಎಲ್ಲಿಟ್ರಿ?"

"ಹಣೆಗೆ. ಇನ್ನೆಲ್ಲಿ, ಅಂಗಾಲಿಗಾ?"

"ಯಾ ಅಲ್ಲಾ! ಬೆಂಗಳೂರಲ್ಲಿ ನಮ್ ಆಫೀಸಲ್ಲೂ ಹೀಗೇ ಆಗಿತ್ತು. ಆಯುಧಪೂಜೆ ದಿನ ಎಲ್ಲರ ಲ್ಯಾಪ್‌ಟಾಪಿಗೂ ಕ್ಯಾಮೆರಾ ಮೇಲೆ ಇಟ್ಟು, ಮಾರನೇ ವಾರ ನಾವೆಲ್ಲ ವೀಡಿಯೋ ಕಾಲಲ್ಲಿ ಕೆಂಪಗೆ ಕಾಣ್ತಿದ್ವಿ. ಆಂಟಿ, ಫೋನ್ ಮೇಲ್ಗಡೆ ಒಂದು ಕಣ್ಣಿರುತ್ತೆ. ನೀವು ಕಿವಿ ಹತ್ರ ಇಟ್ಕೊಂಡ್ರೆ ಅದಕ್ಕೆ ಗೊತ್ತಾಗಿ ಸ್ಕ್ರೀನ್ ಆಫ್ ಮಾಡುತ್ತೆ, ಕೆನ್ನೆ ತಾಗಿ ಏನೇನೋ ಒತ್ತಬಾರದು ಅಂತ. ನೀವು ಆ ಕಣ್ಣಿಗೇ ಮೆತ್ತಿದೀರ. ಅರಿಶಿನಾನ ನಿಮ್ಮ ಕೆನ್ನೆ ಅಂದ್ಕೊಂಡಿದೆ ಅದು. ಒರೆಸಿಬಿಡಿ, ಮುಗೀತು!"

ಅಷ್ಟೇ. ಸೆರಗಿನ ತುದಿ ಸಾಕಿತ್ತು. ನನ್ನ ಕೈ ಏಳಲಿಲ್ಲ.

"ಆಂಟಿ? ಒರೆಸಿದ್ರಾ?"

"ಪೂಜೆ ದಿನ, ಈಗ ತಾನೆ ಇಟ್ಟಿದ್ದು ಕಣೆ."

"ಹನ್ನೆರಡು ಗಂಟೆ ಎಂಟು ನಿಮಿಷ ಆಂಟಿ."

ಯಜಮಾನರು ಹೋದ ಹತ್ತನೇ ದಿನ ನಾದಿನಿ ಒದ್ದೆ ಬಟ್ಟೆಯಲ್ಲಿ ನನ್ನ ಹಣೆ ಒರೆಸಿದ್ದಳು. ಬಟ್ಟೆ ತಣ್ಣಗಿತ್ತು. ಅವಳ ಹೆಬ್ಬೆರಳು ಎರಡು ಸಲ ಉಜ್ಜಿತು, ಮೊದಲನೆಯ ಸಲ ಪೂರಾ ಹೋಗಿರಲಿಲ್ಲ. ಸುತ್ತ ಇದ್ದವರು ಗೋಡೆ ನೋಡುತ್ತಿದ್ದರು. ನಾನು ಆವತ್ತು ಕೂಡ ಏನೋ ತಮಾಷೆ ಮಾಡಿದೆ, ಯಾರೂ ನಗಲಿಲ್ಲ. ಆ ಬೆರಳಿನ ಕೆಲಸವನ್ನು ಈಗ ನನ್ನ ಬೆರಳೇ ಮಾಡಬೇಕಿತ್ತು. ಫೋನಿಗೆ ಯಾವ ಗಂಡ, ಯಾವ ನಾದಿನಿ ಎಂದು ನನ್ನನ್ನೇ ರೇಗಿಸಿಕೊಂಡೆ. ಆಗಲಿಲ್ಲ. ದೀಪ ಆರಿತು. ಕೈ ಬೀಸಲಿಲ್ಲ. ಕತ್ತಲಲ್ಲಿ ಹಾಗೇ ನಿಂತಿದ್ದೆ.

ಆಯೆಷಾಗೆ ಏನು ಅರ್ಥವಾಯಿತೋ, ದನಿ ತಗ್ಗಿಸಿದಳು. "ಸಾರಿ ಆಂಟಿ. ಬೇಡ ಅಂದ್ರೆ ಒರೆಸ್ಬೇಡಿ. ನಾನೇ ಮೈಥಿಲಿಗೆ ಫೋನ್ ಮಾಡಿ ಹೇಳ್ಲಾ? ಅವಳು ಅಲ್ಲಿಂದ್ಲೇ ತೆಗೀತಾಳೆ."

ಶಾಲೆಯ ಗೇಟಿನ ಹತ್ತಿರ ಹಿತಾ ಚೀಲ ಹೊತ್ತು ನಿಂತಿರುವುದು ಕಣ್ಣಿಗೆ ಕಟ್ಟಿತು. ಹಿಂದಿನ ದಿನವೇ ಅವಳು ಎಲ್ಲ ಗೆಳತಿಯರಿಗೂ ಹೇಳಿದ್ದಾಳಂತೆ, ನಾಳೆ ನನ್ನ ಅಜ್ಜಿ ಬರ್ತಾಳೆ ಎಂದು.

"ಬೇಡ. ಇರು," ಎಂದೆ.

ಚೊಂಬಿನಲ್ಲಿ ಉಳಿದಿದ್ದ ನೀರಿಗೆ ಸೆರಗು ಅದ್ದಿ ಒರೆಸಿದೆ. ಮೊದಲನೆಯ ಸಲ ಪೂರಾ ಹೋಗಲಿಲ್ಲ. ಎರಡನೆಯ ಸಲ ಗಾಜು ಬೆಳಗಿ ಆಯೆಷಾ ಹೆಸರು ಕಾಣಿಸಿತು. ಬೆರಳಿಗೆ ಕೆಂಪು ಮೆತ್ತಿಕೊಂಡಿತ್ತು. ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ಕೊನೆಗೆ ಆ ಕಬ್ಬಿಣದ ಬಾಗಿಲ ಹಿಡಿಕೆಗೇ ಹಚ್ಚಿದೆ. ಇಷ್ಟು ಹಟ ಮಾಡುವ ಆಯುಧಕ್ಕೆ ಪೂಜೆ ಇಲ್ಲದಿದ್ದರೆ ಹೇಗೆ?

"ಕೆಲಸ ಆಯ್ತು ಕಣೆ. ಫೋನಿಡು, ನನ್ನ ಡಚ್ ಸವತಿ ಕಾಯ್ತಿದಾಳೆ."

ಬಾಗಿಲಿಗೆ ಫೋನ್ ಮಾಡಿದೆ. ಅವಳು ಹೇಳಿದಳು. ಚುಕ್ಕಿ ಒತ್ತಿದೆ, ಐದು ಒತ್ತಿದೆ. ಕಟಕ್ ಎಂದಿತು.

ಓಡಿದೆ. ಎಪ್ಪತ್ತೊಂದು ವರ್ಷದ ಮೊಣಕಾಲು ಎಷ್ಟು ಓಡುತ್ತದೋ ಅಷ್ಟು. ದಾರಿಯಲ್ಲಿ ಐನೂರು ಸೈಕಲ್ಲಿನವರು ಗಂಟೆ ಬಾರಿಸಿದರು. ಕೈಯಲ್ಲಿ ತಟ್ಟೆ ಹಾಗೇ ಇತ್ತು, ಹೂವು ಎಲ್ಲಿ ಬಿತ್ತೋ ನೋಡಲಿಲ್ಲ. ಶಾಲೆಯ ಅಂಗಳ ಖಾಲಿ. ಮೆಟ್ಟಿಲ ಮೇಲೆ ಹಿತಾ, ಪಕ್ಕದಲ್ಲಿ ಅವಳ ಯುಫ್. ಇಲ್ಲಿಯ ಮಕ್ಕಳು ಟೀಚರನ್ನು ಹಾಗೇ ಕರೆಯುವುದು. ಟೀಚರ್ ಕೈಯಲ್ಲಿ ಫೋನಿತ್ತು. ಹನ್ನೆರಡೂವರೆ ಆಗಿತ್ತು.

"ಅಜ್ಜಿ, ಯು ಆರ್ ಲೇಟ್. ಯುಫ್ ಕಾಲ್ಡ್ ಮಮ್ಮಾ," ಎಂದಳು ಹಿತಾ.

ಅವಳ ಮಾತು ಮುಗಿಯುವ ಮೊದಲೇ ನನ್ನ ಫೋನ್ ಹೊಡೆದುಕೊಂಡಿತು. ಮೈಥಿಲಿ.

"ಅಮ್ಮಾ! ಎಲ್ಲಿದ್ದೆ? ಆಗ್ಲೇ ಹೊರಟ್ಯಾ ಅಂತ ಕೇಳಕ್ಕೆ ಮಾಡಿದ್ರೆ ನಿನ್ನ ಫೋನ್ ಬಿಝಿ ಬಿಝಿ ಬರ್ತಿತ್ತು. ದಾರಿ ತಪ್ಪಿದ್ಯಾ? ಬಿದ್ಯಾ? ಹೇಳಮ್ಮ!"

ಬಾಯಿಯ ತುದಿಯಲ್ಲಿ ಕಥೆಗಳು ಸಾಲುಗಟ್ಟಿ ನಿಂತಿದ್ದವು. ಲಿಫ್ಟ್ ಕೆಟ್ಟಿತ್ತು. ದಾರಿಯಲ್ಲಿ ಒಬ್ಬ ಮುದುಕ ಬಿದ್ದಿದ್ದ, ನಾನೇ ಎತ್ತಿ ಕೂರಿಸಿ ಆಂಬ್ಯುಲೆನ್ಸ್ ಹತ್ತಿಸಿದೆ. ಎರಡನೆಯದು ಚೆನ್ನಾಗಿತ್ತು ಕೂಡ. ಆದರೆ ಸೆರಗಿನ ತುದಿ ಇನ್ನೂ ಒದ್ದೆ, ಕಾಲಿಗೆ ತಾಗಿ ತಣ್ಣಗೆ ಚುಚ್ಚುತ್ತಿತ್ತು.

"ಸೈಕಲ್‌ಗೆ ಪೂಜೆ ಮಾಡಕ್ಕೆ ಕೆಳಗೆ ಹೋಗಿದ್ದೆ. ಗುಂಡಿ ಮರ್ತಿದ್ದೆ. ಸಿಕ್ಕಾಕ್ಕೊಂಡೆ. ಫೋನಿಗೆ ಕುಂಕುಮ ಇಟ್ಟಿದ್ದೆ, ಅದಕ್ಕೇ ಸ್ಕ್ರೀನ್ ಬರ್ತಿರ್ಲಿಲ್ಲ, ಐದು ಒತ್ತಕ್ಕಾಗ್ಲಿಲ್ಲ. ನಿಂಗೆ ಹೇಳ್ಬಾರ್ದು ಅಂತ ನಿಂಗೆ ಮಾಡ್ಲಿಲ್ಲ. ಆಮೇಲೆ ಒರೆಸಿದೆ. ಬಂದೆ."

"ಆಮೇಲೆ?"

"ಆಮೇಲೇನಿಲ್ಲ. ಅಷ್ಟೇ."

"ಅಷ್ಟೇನಾ? ನೂರು ಜನ ಕಳ್ರು ಬರ್ಲಿಲ್ವಾ? ಹಾವು ಬರ್ಲಿಲ್ವಾ?"

"ಇಲ್ಲ ಕಣೆ."

ಅತ್ತ ಅವಳ ಆಫೀಸಿನ ಯಾರೋ ನಗುವುದು ಕೇಳಿಸಿತು, ಬಾಗಿಲು ಮುಚ್ಚಿದ್ದು ಕೇಳಿಸಿತು. ಹಿತಾ ನನ್ನ ಸ್ವೆಟರ್ ಎಳೆಯುತ್ತಿದ್ದಳು.

"ನೀನೇ ಒರೆಸಿದ್ಯಾ ಅಮ್ಮ?"

"ಹ್ಞೂಂ."

ಕಿಟಕಿ, ಟ್ರಾಮ್, ಕಿಟಕಿ, ಟ್ರಾಮ್ ಎಂದು ವೀಸಾ ಮುಗಿಯುವವರೆಗೆ ಉಳಿದಿದ್ದ ನನ್ನ ಏಳು ವಾರಗಳನ್ನು ಲೆಕ್ಕ ಹಾಕುತ್ತಾ ನಿಂತೆ.

"ಮುಂದಿನ ಬುಧವಾರ ಗುಂಡೀನ ಕತ್ತಿಗೆ ಹಾಕ್ಕೊಂಡು ಹೋಗು," ಎಂದಳು. ಮೂಗು ಕಟ್ಟಿದ ದನಿ. "ಈಗ ಅವಳ ಕೈಗೆ ಫೋನ್ ಕೊಡು, ಹೊಟ್ಟೆ ಹಸೀತಿದ್ಯಾ ಕೇಳ್ಬೇಕು."

ಕೊಟ್ಟೆ. ಹಿತಾ ಫೋನನ್ನು ಕಿವಿಗೆ ಇಟ್ಟುಕೊಂಡಳು, ಗಾಜು ಅವಳ ಕೆನ್ನೆಯ ಹತ್ತಿರ ತಾನಾಗಿಯೇ ಕಪ್ಪಾಯಿತು. ಅವರಿಬ್ಬರೂ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿಕೊಂಡರು. ನಾನು ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಚೀಲ ಹೆಗಲಿಗೆ ಹಾಕಿಕೊಂಡೆ, ಕಲ್ಲು ತುಂಬಿದ್ದಾಳೋ ಏನೋ, ಒಂದು ಮಣ ಭಾರ. ಮನೆಗೆ ಹತ್ತು ನಿಮಿಷದ ದಾರಿ. ಕೆರೆಯ ಸುತ್ತು ಹಾಕಿಕೊಂಡು ಹೋದರೆ ಅರ್ಧ ಗಂಟೆ. ಕೆರೆಯ ಕಡೆಗೇ ತಿರುಗಿದೆ.